ಒಟ್ಟಿಗೆ ಆಡಿದರೆ ಸ್ನೇಹ ಬೆಳೆಯುತ್ತದೆಯೇ? ಆ ಫಾರ್ವರ್ಡ್ ಸಂದೇಶದಲ್ಲಿ ನಿಜವೆಷ್ಟು?

ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ ಆಡುತ್ತಿರುವ ಮಕ್ಕಳ ಹಳೆಯ ಫೋಟೋ. ಅದರ ಕೆಳಗೆ ಎರಡು ಸಾಲು: ಆಗ ನಮ್ಮ ಹತ್ತಿರ ಮೊಬೈಲ್ ಇರಲಿಲ್ಲ, ಸ್ನೇಹಿತರಿದ್ದರು, ಈಗಿನ ಮಕ್ಕಳ ಹತ್ತಿರ ಮೊಬೈಲ್ ಇದೆ, ಸ್ನೇಹಿತರಿಲ್ಲ. ಈ ಬಗೆಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಕೆಲವೊಮ್ಮೆ ಅದರ ಜೊತೆಗೆ ಇನ್ನಷ್ಟು ಸೇರಿಕೊಂಡಿರುತ್ತದೆ. ಆಟ ಆಡಿದರೆ ‘ಹ್ಯಾಪಿ ಹಾರ್ಮೋನ್’ ಬರುತ್ತದೆ, ಒಂಟಿತನ ದಿನಕ್ಕೆ 15 ಸಿಗರೇಟು ಸೇದಿದ್ದಕ್ಕೆ ಸಮ, ಮೈದಾನಕ್ಕಿಳಿದವರು ಜಾತಿ-ಧರ್ಮ ಮರೆಯುತ್ತಾರೆ ಎಂದೆಲ್ಲ.

ಓದಲು ಹಿತವಾಗಿದೆ. ಆದರೆ ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ, ಆಟದಿಂದ ಸ್ನೇಹ ಬೆಳೆಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳೇ ಇವೆ. ಆದರೆ ಯಾವ ಆಟವನ್ನು ಹೇಗೆ ಆಡಿದರೂ ಸರಿ ಎಂದಲ್ಲ. ಯಾರ ತಂಡದಲ್ಲಿ ಆಡುತ್ತೇವೆ, ಎಷ್ಟು ಸಲ ಆಡುತ್ತೇವೆ, ಸೋತರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬ ಮೂರು ಸಂಗತಿಗಳು ಇಲ್ಲಿ ಮುಖ್ಯ. ಫಾರ್ವರ್ಡ್ ಸಂದೇಶಗಳು ಬಿಟ್ಟುಬಿಡುವುದು ಇವನ್ನೇ.

15 ಸಿಗರೇಟಿನ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟಿಸಿದರು. ಅದಾಗಲೇ ನಡೆದಿದ್ದ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಶೇ 50ರಷ್ಟು ಹೆಚ್ಚಿತ್ತು. ಈ ಪರಿಣಾಮದ ಗಾತ್ರವನ್ನು ಧೂಮಪಾನದಂಥ ಪರಿಚಿತ ಅಪಾಯಗಳ ಪಕ್ಕದಲ್ಲಿಟ್ಟು ಹೋಲಿಸಿದರು. ಸಿಗರೇಟಿನ ಮಾತು ಹುಟ್ಟಿದ್ದು ಅಲ್ಲಿಂದ.

ಹಾಗಾಗಿ ಇದು ಗಾಳಿಮಾತಲ್ಲ. ಆದರೆ ಆ ವಿಶ್ಲೇಷಣೆ ಅಳೆದದ್ದು ಮುಖ್ಯವಾಗಿ ಒಬ್ಬ ವ್ಯಕ್ತಿಗೆ ಎಷ್ಟು ಸಂಬಂಧಗಳಿವೆ, ಅವು ಎಷ್ಟು ಗಟ್ಟಿ ಎಂಬುದನ್ನು. ಒಂದು ಸಂಜೆ ಬೇಜಾರಾಗಿ ಒಬ್ಬರೇ ಕೂತರೆ 15 ಸಿಗರೇಟು ಸೇದಿದಂತಾಯಿತು ಎಂದು ಅದರ ಅರ್ಥವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಆದ್ದರಿಂದ ಸ್ನೇಹ ಹೇಗೆ ಹುಟ್ಟುತ್ತದೆ ಎಂಬುದು ಆರೋಗ್ಯದ ಪ್ರಶ್ನೆಯೂ ಹೌದು.

ಆಟದಲ್ಲಿ ಅಂಥದ್ದೇನಿದೆ?

ದೊಡ್ಡವರಾದ ಮೇಲೆ ಹೊಸಬರ ಪರಿಚಯ ಮಾಡಿಕೊಳ್ಳುವುದು ಕಷ್ಟ. ಮಾತು ಶುರುವಾಗುವುದೇ ಯಾವ ಊರು, ಎಲ್ಲಿ ಕೆಲಸ, ಯಾರ ಪೈಕಿ, ಮಕ್ಕಳೆಷ್ಟು ಎಂಬ ಪ್ರಶ್ನೆಗಳಿಂದ. ಉತ್ತರ ಸಿಕ್ಕ ಕೂಡಲೇ ಎದುರಿನವರನ್ನು ನಮ್ಮ ಮನಸ್ಸಿನ ಒಂದು ಖಾನೆಯಲ್ಲಿ ಕೂರಿಸಿಬಿಡುತ್ತೇವೆ. ಆಟದಲ್ಲಿ ಈ ಪ್ರಶ್ನೆಗಳಿಗೆ ಕೆಲಸವಿಲ್ಲ. ಶಟಲ್ ಕೋರ್ಟಿನಲ್ಲಿ ನಿಂತವರಿಗೆ ತಿಳಿಯಬೇಕಾದ್ದು ಸರ್ವ್ ಯಾರದು, ಪಾಯಿಂಟ್ ಎಷ್ಟು ಎಂಬುದಷ್ಟೇ. ಮಾತು ಬಾರದ, ನಾಚಿಕೆ ಸ್ವಭಾವದ ಮನುಷ್ಯನಿಗೂ ಅಲ್ಲಿ ಮಾಡಲು ಒಂದು ಕೆಲಸವಿರುತ್ತದೆ, ಆಡಲು ಒಂದು ಸರದಿ ಇರುತ್ತದೆ.

ಇನ್ನೊಂದು ಸಂಗತಿಯನ್ನು ಬೀದಿಯಲ್ಲೇ ನೋಡಬಹುದು. ಎರಡು ನಾಯಿಗಳು ಆಟಕ್ಕಿಳಿಯುವಾಗ ಒಂದು ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ‘ಈಗ ಕಚ್ಚಿದರೂ ಅದು ಆಟ’ ಎಂಬ ಸೂಚನೆ ಅದು. ದೊಡ್ಡ ನಾಯಿ ಪುಟ್ಟ ಮರಿಯ ಜೊತೆ ಆಡುವಾಗ ಬಲವನ್ನೆಲ್ಲ ಹಾಕುವುದಿಲ್ಲ, ತಾನೇ ಕೆಳಗೆ ಬಿದ್ದುಕೊಳ್ಳುತ್ತದೆ. ಬಲಶಾಲಿ ಪ್ರತಿಸಲವೂ ಗೆದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಆಟ ಮುಂದುವರಿಯಬೇಕೆಂದರೆ ಸ್ವಲ್ಪ ಬಿಟ್ಟುಕೊಡಬೇಕು.

ನಮ್ಮ ಮಕ್ಕಳ ಆಟಗಳಲ್ಲಿ ಈ ನಿಯಮಕ್ಕೆ ಹೆಸರೇ ಇದೆ: ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಈಗ ಇದನ್ನು ಬೈಗುಳದಂತೆ ಬಳಸುತ್ತೇವೆ. ಆದರೆ ಮೂಲತಃ ಅದು ಎಷ್ಟು ದೊಡ್ಡ ಮನಸ್ಸಿನ ನಿಯಮ! ಓಡಲಾರದ ಪುಟ್ಟ ತಂಗಿಯೂ ಆಟದಲ್ಲಿರುತ್ತಾಳೆ, ಆದರೆ ಅವಳು ಔಟಾಗುವುದಿಲ್ಲ. ಗೆಲುವಿಗಿಂತ ಜೊತೆಗಿರುವುದು ದೊಡ್ಡದು ಎಂಬ ತೀರ್ಮಾನ ಅದರಲ್ಲಿದೆ.

ಆಟದಲ್ಲಿ ಜನರ ಸ್ವಭಾವವೂ ಬೇಗ ತಿಳಿಯುತ್ತದೆ. ಚೌಕಾಬಾರದಲ್ಲಿ ನಿಮ್ಮ ಕಾಯಿ ಹೊಡೆದಾಗ ಅವರು ಹೇಗೆ ನಗುತ್ತಾರೆ, ತಮ್ಮ ಕಾಯಿ ಹೋದಾಗ ಮುಖ ಹೇಗಾಗುತ್ತದೆ, ಕವಡೆ ಸರಿಯಾಗಿ ಬೀಳದಿದ್ದರೆ ನಿಜ ಹೇಳುತ್ತಾರೋ ಇಲ್ಲವೋ ಎಂಬುದು ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಇವರನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಚಿಕ್ಕ ಕ್ಷಣಗಳಲ್ಲಿ.

‘ಹ್ಯಾಪಿ ಹಾರ್ಮೋನ್’ ಕಥೆ

ಇದರಲ್ಲಿ ಅರ್ಧ ಸತ್ಯವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದೋಣಿ ಓಟದ 12 ಆಟಗಾರರನ್ನು ಪರೀಕ್ಷಿಸಿದ್ದರು. ಅವರು ಹುಟ್ಟು ಹಾಕುವ ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ತಂಡವಾಗಿ ಒಂದೇ ಲಯದಲ್ಲಿ ವ್ಯಾಯಾಮ ಮಾಡಿದರು. ಆಮೇಲೆ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಎಷ್ಟು ನೋವು ತಡೆದುಕೊಳ್ಳುತ್ತಾರೆ ಎಂದು ಅಳೆದರು. ತಂಡವಾಗಿ ಮಾಡಿದ ದಿನ ಅವರ ನೋವು ತಡೆಯುವ ಶಕ್ತಿ ಗಣನೀಯವಾಗಿ ಹೆಚ್ಚಿತ್ತು. ದೇಹವೇ ತಯಾರಿಸುವ ನೋವುನಿವಾರಕವಾದ ಎಂಡಾರ್ಫಿನ್ ಇದಕ್ಕೆ ಕಾರಣವಿರಬಹುದು ಎಂದು ಅವರು ಊಹಿಸಿದರು. ಅಂದರೆ ಎಂಡಾರ್ಫಿನ್ ಅನ್ನು ನೇರವಾಗಿ ಅಳೆದಿರಲಿಲ್ಲ.

2017ರಲ್ಲಿ ಫಿನ್‌ಲೆಂಡಿನ ಟುರ್ಕುವಿನಲ್ಲಿ ನಡೆದ ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಯಿತು. 12 ಗಂಡಸರು ತಮ್ಮ ಆಪ್ತ ಗೆಳೆಯರ ಜೊತೆ ಕೂತು ಹಾಸ್ಯದ ವಿಡಿಯೋ ನೋಡಿ ನಕ್ಕ ಮೇಲೆ ಅವರ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ಎಂಡಾರ್ಫಿನ್‌ನಂಥ ರಾಸಾಯನಿಕಗಳು ಬಿಡುಗಡೆಯಾದ ಗುರುತು ಅದರಲ್ಲಿ ಕಂಡಿತು.

ಎರಡೂ ಅಧ್ಯಯನಗಳಲ್ಲಿ ಇದ್ದವರು ಹನ್ನೆರಡು ಹನ್ನೆರಡು ಜನ. ಒಟ್ಟಿಗೆ ಮೈ ಬೆವರಿಸಿದರೆ, ಒಟ್ಟಿಗೆ ನಕ್ಕರೆ ಹಿತವೆನಿಸುತ್ತದೆ ಎಂಬ ನಮ್ಮ ಅನುಭವಕ್ಕೆ ಇವು ಬಲ ಕೊಡುತ್ತವೆ. ಇಂತಿಷ್ಟು ನಿಮಿಷ ಆಡಿದರೆ ಇಂತಿಷ್ಟು ಹಾರ್ಮೋನ್, ಅದರಿಂದ ಇಂಥ ಕಾಯಿಲೆ ಗುಣ ಎಂದು ಬರೆದ ಪಟ್ಟಿ ಕಂಡರೆ ಅದನ್ನು ನಂಬಬೇಡಿ.

ಎಷ್ಟು ಹೊತ್ತು ಆಡಿದರೆ ಸ್ನೇಹ?

ಇದಕ್ಕೂ ಲೆಕ್ಕ ಹಾಕಿದವರಿದ್ದಾರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಧ್ಯಯನ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಅದು ಸ್ನೇಹವಾಗಲು 90 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಸಮಯ ಒಟ್ಟಿಗೆ ಕಳೆಯಬೇಕು ಎಂಬ ಅಂದಾಜು ಅವರದು. ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳಿಗಿಂತ ಹರಟೆ, ತಮಾಷೆ, ಬಿಡುವಿನ ಒಡನಾಟದಲ್ಲಿ ಕಳೆದ ಗಂಟೆಗಳಿಗೆ ತೂಕ ಹೆಚ್ಚಿತ್ತು. ಇದು ಅಮೆರಿಕದ ಲೆಕ್ಕ, ಅದೂ ಜನ ತಾವೇ ಹೇಳಿದ ಗಂಟೆಗಳನ್ನು ಆಧರಿಸಿದ್ದು. ಹಾಗಾಗಿ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಳ್ಳುವುದು ಬೇಡ.

ಆದರೂ ಇದರಿಂದ ಒಂದು ಮಾತು ಸ್ಪಷ್ಟ. ಭಾನುವಾರಕ್ಕೊಮ್ಮೆ ಒಂದು ಗಂಟೆ ಆಡಿದರೆ 50 ಗಂಟೆ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ದಿನವೂ ಒಂದು ಗಂಟೆ ಆಡಿದರೆ ಎರಡು ತಿಂಗಳೊಳಗೆ 50, ಮೂರು ತಿಂಗಳಲ್ಲಿ 90. ಚಿಕ್ಕವರಿದ್ದಾಗ ಸ್ನೇಹ ಸುಲಭವಾಗಿ ಹುಟ್ಟುತ್ತಿದ್ದುದರ ಒಂದು ಗುಟ್ಟು ಇದು. ಶಾಲೆ ಬಿಟ್ಟ ಮೇಲೆ ದಿನಾ ಸಂಜೆ ಅದೇ ಬೀದಿ, ಅದೇ ಮಕ್ಕಳು. ಗಂಟೆಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ವರ್ಷಕ್ಕೊಮ್ಮೆ ಕಂಪನಿ ನಡೆಸುವ ಕ್ರೀಡಾಕೂಟದಿಂದ ಫೋಟೋ ಸಿಗುತ್ತದೆ, ಸ್ನೇಹ ಸಿಗುವುದು ಕಷ್ಟ.

ಒಂದೇ ತಂಡವೋ, ಎದುರು ತಂಡವೋ?

ಮೈದಾನದಲ್ಲಿ ಜಾತಿ-ಧರ್ಮ ಮರೆಯುತ್ತಾರೆ ಎಂಬ ಮಾತನ್ನು ನಮ್ಮ ದೇಶದಲ್ಲೇ ಪರೀಕ್ಷೆಗೆ ಒಡ್ಡಲಾಗಿದೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಅವರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಒಂದು ತಿಂಗಳ ಕಾಲ ನಡೆಯುವ ಕ್ರಿಕೆಟ್ ಲೀಗ್‌ಗಳನ್ನು ಏರ್ಪಡಿಸಿದರು. ಬೇರೆ ಬೇರೆ ಜಾತಿಗಳ 1,261 ಯುವಕರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಯಾರು ಆಡಬೇಕು, ಯಾರು ಒಂದೇ ಜಾತಿಯವರ ತಂಡಕ್ಕೆ ಹೋಗಬೇಕು, ಯಾರು ಮಿಶ್ರ ತಂಡಕ್ಕೆ, ಯಾರಿಗೆ ಯಾರು ಎದುರಾಳಿ ಎಂಬುದೆಲ್ಲ ಚೀಟಿ ಎತ್ತಿದಂತೆ ತೀರ್ಮಾನವಾಯಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು. ‘ನಮ್ಮವರಿಗೇ ಸಿಗಲಿ’ ಎಂಬ ಪಕ್ಷಪಾತ ಕಡಿಮೆಯಾಯಿತು. ಆದರೆ ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಆದದ್ದು ಇದರ ಉಲ್ಟಾ. ಒಟ್ಟಾರೆಯಾಗಿ ಜಾತಿ ದಾಟಿದ ಒಡನಾಟ ಕಡಿಮೆಯಾಯಿತು.

ಅದೇ ಕ್ರಿಕೆಟ್, ಅದೇ ಮೈದಾನ. ಬದಲಾದದ್ದು ಯಾರ ಜೊತೆ ನಿಂತು ಆಡಿದರು ಎಂಬುದು ಮಾತ್ರ. ಆದ್ದರಿಂದ ‘ಆಟ ಜನರನ್ನು ಒಂದುಗೂಡಿಸುತ್ತದೆ’ ಎಂಬ ವಾಕ್ಯ ಅರ್ಧಕ್ಕೇ ನಿಂತಿದೆ. ಒಂದೇ ತಂಡದಲ್ಲಿ ಆಡಿಸಿದರೆ ಒಂದುಗೂಡಿಸುತ್ತದೆ. ನಮ್ಮವರ ತಂಡ, ಅವರ ತಂಡ ಎಂದು ಕಟ್ಟಿ ಆಡಿಸಿದರೆ ಇರುವ ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಸೇರಬಹುದು.

ಹಾಗೆಂದು ಎದುರುಬದುರು ಕೂತು ಕೇರಂ ಆಡುವ ಇಬ್ಬರು ವೈರಿಗಳಾಗುತ್ತಾರೆ ಎಂದಲ್ಲ. ಇಲ್ಲಿನ ಮಾತು ಎರಡು ಗುಂಪುಗಳನ್ನು ಗುಂಪುಗಳಾಗಿಯೇ ಎದುರು ನಿಲ್ಲಿಸುವ ಬಗ್ಗೆ.

ಇರಾಕಿನ ಇನ್ನೊಂದು ಅಧ್ಯಯನ ಈ ವಿಷಯದ ಮಿತಿಯನ್ನೂ ತೋರಿಸುತ್ತದೆ. ಐಸಿಸ್ ದಾಳಿಯಿಂದ ಮನೆಮಠ ಕಳೆದುಕೊಂಡ ಕ್ರೈಸ್ತ ಯುವಕರನ್ನು ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಲೀಗ್‌ಗೆ ಸೇರಿಸಿದರು. ಕೆಲವರು ಕ್ರೈಸ್ತರೇ ಇರುವ ತಂಡಕ್ಕೆ, ಕೆಲವರು ಮುಸ್ಲಿಮರೂ ಇರುವ ತಂಡಕ್ಕೆ ಹೋದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿಶ್ರ ತಂಡದಲ್ಲಿ ಆಡಿದವರು ಆರು ತಿಂಗಳ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುವ ಸಾಧ್ಯತೆ ಹೆಚ್ಚಿತ್ತು. ಬೇರೆ ತಂಡದ ಮುಸ್ಲಿಂ ಆಟಗಾರನಿಗೆ ಉತ್ತಮ ಕ್ರೀಡಾಮನೋಭಾವದ ಪ್ರಶಸ್ತಿ ಸಿಗಲೆಂದು ಮತ ಹಾಕಲೂ ಅವರು ಮುಂದಾದರು. ಆದರೆ ಮೈದಾನದ ಹೊರಗೆ, ಮುಸ್ಲಿಮರೇ ಹೆಚ್ಚಿರುವ ಮೊಸುಲ್ ನಗರದ ಹೋಟೆಲಿಗೆ ಹೋಗುವಂಥ ವಿಷಯಗಳಲ್ಲಿ, ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಜೊತೆಗೆ ಆಡಿದವರ ಮೇಲೆ ನಂಬಿಕೆ ಹುಟ್ಟಿತು. ಅದು ಅಪರಿಚಿತರವರೆಗೆ ಹರಡಲಿಲ್ಲ. ಯುದ್ಧದ ಗಾಯವನ್ನು ಒಂದು ಲೀಗ್ ಮಾಯಿಸಲಾರದು.

ನಮ್ಮ ಕೊಡಗಿನ ಕೌಟುಂಬಿಕ ಹಾಕಿ ಉತ್ಸವ ಇನ್ನೊಂದು ಬಗೆಯದು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಕೊಡವರ ಒಂದೊಂದು ಮನೆತನವೂ ಒಂದೊಂದು ತಂಡ. ಈಗ ಮುನ್ನೂರಕ್ಕೂ ಹೆಚ್ಚು ತಂಡಗಳು ಬರುತ್ತವೆ, ಹೆಣ್ಣುಮಕ್ಕಳೂ ತಂಡದಲ್ಲಿ ಆಡುತ್ತಾರೆ. ದೂರದ ಊರುಗಳಲ್ಲಿ ಚದುರಿಹೋದ ನೆಂಟರು ಒಂದೇ ಜೆರ್ಸಿ ತೊಟ್ಟು ಸೇರುವುದು ಸಣ್ಣ ವಿಷಯವಲ್ಲ. ಇಲ್ಲಿ ಆಟ ಇರುವ ನಂಟನ್ನು ಬಿಗಿಮಾಡುತ್ತದೆ. ಮಿಶ್ರ ತಂಡ ಇಲ್ಲದ ನಂಟನ್ನು ಹೊಸೆಯುತ್ತದೆ. ಎರಡೂ ಬೇಕು, ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮೊಬೈಲ್ ಗೇಮ್ ಸ್ನೇಹ ಸುಳ್ಳೇ?

ಫೋಟೋ ಜೊತೆ ಬರುವ ಸಂದೇಶ ಹೌದು ಎನ್ನುತ್ತದೆ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಅವರ ಕಥೆ ಕೇಳಿದರೆ ಆ ಮಾತು ಹೇಳುವುದು ಕಷ್ಟ. ಅವರಿಗೆ ಡುಶೆನ್ ಎಂಬ, ಸ್ನಾಯುಗಳನ್ನು ಕ್ಷೀಣಿಸುತ್ತ ಹೋಗುವ ಹುಟ್ಟು ಕಾಯಿಲೆ ಇತ್ತು. ಗಾಲಿಕುರ್ಚಿಯಲ್ಲಿ ಕೂತು ದಿನದ ಬಹುಪಾಲು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದ ಮಗನಿಗೆ ಸ್ನೇಹಿತರೇ ಇಲ್ಲವಲ್ಲ ಎಂದು ತಂದೆ-ತಾಯಿ ಕೊರಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಾವಿನ ಸುದ್ದಿಯನ್ನು ತಂದೆ ಮಗನ ಬ್ಲಾಗಿನಲ್ಲಿ ಹಾಕಿದಾಗ ಯೂರೋಪಿನ ಹಲವೆಡೆಯಿಂದ ಪತ್ರಗಳು ಬಂದವು. ಕಷ್ಟದಲ್ಲಿ ಮಾತಾಡಿಸಿದವನು, ಸಲಹೆ ಕೊಟ್ಟವನು ಎಂದು ಬರೆದವರೆಲ್ಲ ಆಟದಲ್ಲಿ ಅವರ ತಂಡದವರು. ಕೆಲವರು ಅಂತ್ಯಸಂಸ್ಕಾರಕ್ಕೂ ಬಂದರು. 2024ರಲ್ಲಿ ಈ ಕಥೆ ಸಾಕ್ಷ್ಯಚಿತ್ರವಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿದೆ.

ಗಮನಿಸಿ, ಇಲ್ಲಿಯೂ ಕೆಲಸ ಮಾಡಿದ್ದು ಅದೇ ನಿಯಮಗಳು: ಒಂದೇ ತಂಡ, ಅದೇ ಜನ, ವರ್ಷಗಟ್ಟಲೆ ಆಟ. ಪರದೆ ಇತ್ತೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಲಾಕ್‌ಡೌನ್ ದಿನಗಳಲ್ಲಿ ದೂರದ ಅಕ್ಕ-ತಂಗಿಯರ ಜೊತೆ ಮೊಬೈಲಿನಲ್ಲಿ ಲೂಡೊ ಆಡಿದವರಿಗೂ ಇದು ಗೊತ್ತು. ಆದರೆ ಪ್ರತಿ ಐದು ನಿಮಿಷಕ್ಕೊಬ್ಬ ಹೊಸ ಅಪರಿಚಿತನ ಜೊತೆ ಮಾತಿಲ್ಲದೆ ಆಡುವ, ಇಲ್ಲವೇ ಒಬ್ಬರೇ ಬೆರಳಾಡಿಸುವ ಆಟದಲ್ಲಿ ಈ ಯಾವುದೂ ಇಲ್ಲ. ಅದು ಹೊತ್ತು ಕಳೆಯುತ್ತದೆ, ಸ್ನೇಹ ಬೆಳೆಸುವುದಿಲ್ಲ.

ಅತಿಯಾದರೆ ತೊಂದರೆ ಇರುವುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಹೆಚ್ಚು ಹೊತ್ತು ಆಡಿದವರೆಲ್ಲ ಇದಕ್ಕೆ ಒಳಗಾಗಿದ್ದಾರೆ ಎಂದಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ಕೆಲಸ, ಮನೆಯವರಿಗಿಂತ ಆಟವೇ ಮುಖ್ಯವಾಗಿರಬೇಕು, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರಬೇಕು. ಸಾಮಾನ್ಯವಾಗಿ ಇದು 12 ತಿಂಗಳಾದರೂ ಕಂಡುಬಂದಿರಬೇಕು. ಮಕ್ಕಳು ಆನ್‌ಲೈನಿನಲ್ಲಿ ಆಡುತ್ತಿದ್ದರೆ ‘ಎಷ್ಟು ಹೊತ್ತು’ ಎಂದು ಕೇಳುವ ಜೊತೆಗೆ ‘ಯಾರ ಜೊತೆ’ ಎಂದೂ ಕೇಳಿ. ಅಪರಿಚಿತರಿಗೆ ಫೋಟೋ, ವಿಳಾಸ, ಒಟಿಪಿ ಕೊಡಬಾರದೆಂದು ಹೇಳಿಕೊಡಿ.

ದುಡ್ಡು ನಡುವೆ ಬಂದರೆ

ಆಟದಲ್ಲಿ ಸೋತರೂ ಸಂಜೆ ಒಟ್ಟಿಗೆ ಟೀ ಕುಡಿಯಬಹುದು, ಏಕೆಂದರೆ ಸೋಲು ಆಟದೊಳಗೇ ಉಳಿಯುತ್ತದೆ. ಹಣ ಕಟ್ಟಿದ ಕೂಡಲೇ ಸೋಲು ಮನೆಗೆ ಬರುತ್ತದೆ. ಗೆಳೆಯನ ನಷ್ಟವೇ ನನ್ನ ಲಾಭವಾದಾಗ ಬಿಟ್ಟುಕೊಡುವ ಮನಸ್ಸು ಉಳಿಯುವುದಿಲ್ಲ. ಪಗಡೆ ಹಾಸಿನ ಮೇಲೆ ರಾಜ್ಯ ಇಟ್ಟ ದಾಯಾದಿಗಳ ಕಥೆ ನಮಗೆ ಹೊಸದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಕೂಡ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದೆ ಆಡುವ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ‘ಗೆಳೆಯರನ್ನು ಸೇರಿಸಿ, ಬೋನಸ್ ಪಡೆಯಿರಿ’ ಎಂಬ ಲಿಂಕ್ ಬಂದರೆ ಅಲ್ಲಿ ಗೆಳೆತನದ ಹೆಸರಿನಲ್ಲಿ ನಡೆಯುವುದು ವ್ಯಾಪಾರ.

ಹೊರಗೆ ಉಳಿದವರು

ಆ ಹಳೆಯ ಫೋಟೋದಲ್ಲಿ ಕಾಣದವರೂ ಇದ್ದಾರೆ. ದೊಡ್ಡವಳಾದೆ ಎಂದು ಕುಂಟೆಬಿಲ್ಲೆ ಬಿಡಿಸಿ ಮನೆಯೊಳಗೆ ಕರೆಸಿಕೊಂಡ ಹುಡುಗಿ, ಕೇರಿಯ ಕಾರಣಕ್ಕೆ ಕರೆ ಬಾರದ ಹುಡುಗ, ಓಡಲಾರದವನು, ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವವನು. ‘ಆಗ ಎಲ್ಲರೂ ಒಟ್ಟಿಗೆ ಆಡುತ್ತಿದ್ದೆವು’ ಎನ್ನುವಾಗ ಆ ಎಲ್ಲರಲ್ಲಿ ಯಾರಿದ್ದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಬೇಕು. ಆಟ ಒಳಗಿರುವವರನ್ನು ಹತ್ತಿರ ತರುವಷ್ಟೇ ಸುಲಭವಾಗಿ ಹೊರಗಿರುವವರನ್ನು ದೂರ ಇಡುತ್ತದೆ.

ಹಾಗಾದರೆ ಏನು ಮಾಡಬಹುದು?

ಮೊದಲನೆಯದು, ದಿನ ಮತ್ತು ಸಮಯ ನಿಗದಿ ಮಾಡಿ. ‘ಯಾವಾಗಲಾದರೂ ಆಡೋಣ’ ಎಂದರೆ ಯಾವಾಗಲೂ ಆಡುವುದಿಲ್ಲ. ವಾರಕ್ಕೆ ಎರಡು ಸಂಜೆ, ಅದೇ ಜಾಗ, ಅದೇ ಜನ ಎಂದಾದರೆ ಗಂಟೆಗಳು ಕೂಡಿಕೊಳ್ಳುತ್ತವೆ.

ಎರಡನೆಯದು, ತಂಡಗಳನ್ನು ಕಲಸಿ. ಇದಕ್ಕೆ ನಮ್ಮ ಮಕ್ಕಳ ಹಳೆಯ ಉಪಾಯವೇ ಸಾಕು. ಸಮಬಲದ ಇಬ್ಬರು ಹೆಗಲ ಮೇಲೆ ಕೈಹಾಕಿ ದೂರ ಹೋಗಿ, ಒಬ್ಬ ಸೂರ್ಯ, ಒಬ್ಬ ಚಂದ್ರ ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. ನಾಯಕ ಹೆಸರು ಆರಿಸಿದಂತೆ ತಂಡ. ಉತ್ತರ ಪ್ರದೇಶದಲ್ಲಿ ಸಂಶೋಧಕರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅಪಾರ್ಟ್‌ಮೆಂಟಿನಲ್ಲಿ ಎ ಬ್ಲಾಕ್ ವಿರುದ್ಧ ಬಿ ಬ್ಲಾಕ್, ಆಫೀಸಿನಲ್ಲಿ ಈ ವಿಭಾಗ ವಿರುದ್ಧ ಆ ವಿಭಾಗ ಎನ್ನುವ ಬದಲು ಬೆರೆಸಿ ಆಡಿಸಿ.

ಮೂರನೆಯದು, ಎಲ್ಲರಿಗೂ ಆಡಲು ಬರುವ ಆಟವೊಂದು ಇರಲಿ. ಓಡಲಾಗದ ಅಜ್ಜನಿಗೂ ಶಾಲೆಗೆ ಹೋಗುವ ಮೊಮ್ಮಗಳಿಗೂ ಚೌಕಾಬಾರ, ಅಳಗುಳಿಮಣೆ, ಕೇರಂ ಸಮಾನ. ಖರ್ಚೂ ಇಲ್ಲ.

ನಾಲ್ಕನೆಯದು, ಬದಿಯಲ್ಲಿ ನಿಂತು ನೋಡುತ್ತಿರುವವರನ್ನು ಕರೆಯಿರಿ. ಬೇಕಿದ್ದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದೇ ಸೇರಿಸಿಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

‘ಆಟ ಸ್ನೇಹ ಬೆಳೆಸುತ್ತದೆ’: ನಿಜ. ಆದರೆ ಮತ್ತೆ ಮತ್ತೆ, ಅದೇ ಜನರ ಜೊತೆ ಆಡಿದಾಗ.

‘ಆಟದಲ್ಲಿ ಜಾತಿ-ಧರ್ಮ ಮರೆಯುತ್ತಾರೆ’: ಅರ್ಧ ನಿಜ. ಒಂದೇ ತಂಡದಲ್ಲಿದ್ದರೆ ಹತ್ತಿರ ಬರುತ್ತಾರೆ, ಎದುರು ತಂಡಗಳಾದರೆ ದೂರವಾಗಲೂಬಹುದು.

‘ಒಂಟಿತನ 15 ಸಿಗರೇಟಿಗೆ ಸಮ’: ಸಂಬಂಧಗಳ ಕೊರತೆಯ ಅಪಾಯ ನಿಜ, ಸಿಗರೇಟಿನ ಲೆಕ್ಕ ಒಂದು ಹೋಲಿಕೆ ಮಾತ್ರ.

‘ಮೊಬೈಲ್ ಗೇಮ್ ಆಡುವವರಿಗೆ ಸ್ನೇಹಿತರಿರುವುದಿಲ್ಲ’: ತಪ್ಪು. ಯಾರ ಜೊತೆ, ಹೇಗೆ ಆಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಆ ಹಳೆಯ ಫೋಟೋ ಮತ್ತೆ ಬಂದರೆ ಮುಂದಕ್ಕೆ ಕಳಿಸಿ, ತೊಂದರೆಯಿಲ್ಲ. ಅದರ ಕೆಳಗೆ ಒಂದು ಸಾಲು ನಿಮ್ಮದೂ ಸೇರಿಸಿ: ‘ಭಾನುವಾರ ಸಂಜೆ ಐದಕ್ಕೆ ನಮ್ಮ ಮನೆಯಲ್ಲಿ ಕೇರಂ. ಯಾರ್ಯಾರು ಬರ್ತೀರಿ?’